ಚಿಕ್ಕಮ್ಮನ ಮೈಕ್ರಾ

ಸ್ವಿಂಡನ್ ಎಂಬ ಊರಿನ ಹೆಸರನ್ನು ನಮ್ಮಲ್ಲಿ ಕೇಳಿದವರು ಕಡಿಮೆ. ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಪಶ್ಚಿಮಕ್ಕೆ ಹೆಚ್ಚುಕಡಿಮೆ ಒಂದು ಗಂಟೆಯ ದಾರಿ. ನೋಡಲು ಅರಮನೆಯಿಲ್ಲ, ಕೋಟೆಯಿಲ್ಲ. ರೈಲ್ವೆ ಕಾರ್ಖಾನೆಯಿಂದ ಬೆಳೆದ ಊರು ಅದು. ಆ ಕಾರ್ಖಾನೆಗೆ 1986ರಲ್ಲಿ ಬೀಗ ಬಿತ್ತು. ಆಮೇಲೆ ಊರ ಹೊರಗಿನ ಸೌತ್ ಮಾರ್ಸ್ಟನ್‌ನಲ್ಲಿ, ಹಳೆಯ ವಿಮಾನ ನೆಲೆಯಿದ್ದ ಜಾಗದಲ್ಲಿ, ಹೋಂಡಾ ಕಂಪನಿ ಕಾರು ಮಾಡತೊಡಗಿತು. ನನ್ನ ಚಿಕ್ಕಮ್ಮ, ಚಿಕ್ಕಪ್ಪ ಮನೆ ಮಾಡಿಕೊಂಡಿದ್ದದ್ದು ಈ ಊರಲ್ಲಿ. 2008ರ ಸೆಪ್ಟೆಂಬರಿನಲ್ಲಿ ಕೆಲಸದ ಮೇಲೆ ಅಲ್ಲಿಗೆ ಹೋದ ನಾನು ಅವರ ಮನೆಯ ಮಹಡಿಯ ಚಿಕ್ಕ ಕೋಣೆಯಲ್ಲಿ ಉಳಿದುಕೊಂಡೆ. ‘ಒಂದು ತಿಂಗಳಲ್ಲಿ ಬೇರೆ ಮನೆ ನೋಡ್ಕೋತೀನಿ’ ಅಂದವಳು ವರ್ಷ ಕಳೆದರೂ ಹೊರಡಲಿಲ್ಲ, ಅದು ಬೇರೆ ಮಾತು.

ಹೋಂಡಾ ಊರಿನಲ್ಲಿದ್ದುಕೊಂಡು ಚಿಕ್ಕಮ್ಮ ಇಟ್ಟುಕೊಂಡಿದ್ದದ್ದು ನಿಸ್ಸಾನ್ ಮೈಕ್ರಾ. ಒಂದು ಲೀಟರಿನ ಪುಟ್ಟ ಎಂಜಿನ್, ಐದು ಗೇರು. ಗುಂಡಗುಂಡಗಿನ ಹಳೇ ಮಾಡೆಲ್ಲು. ಸಂಡರ್ಲೆಂಡಿನ ಕಾರ್ಖಾನೆಯಲ್ಲಿ ತಯಾರಾದದ್ದು. ಚಿಕ್ಕಪ್ಪನ ದೊಡ್ಡ ಕಾರು ಬೇರೆ ಇತ್ತು. ಅದನ್ನು ಮುಟ್ಟುವ ಮಾತೇ ಇರಲಿಲ್ಲ.

ಮೈಸೂರಿನಲ್ಲಿ ನಾನು ಓಡಿಸಿದ್ದು ಗೇರಿಲ್ಲದ ಸ್ಕೂಟಿ ಒಂದೇ. ಲೈಸೆನ್ಸೂ ಅಷ್ಟಕ್ಕೇ. ಹಾಗಾಗಿ ಅಲ್ಲಿ ಮೊದಲಿಂದ ಶುರುಮಾಡಬೇಕಾಯಿತು. ಮೊದಲು ಕಲಿಯುವವರ ಲೈಸೆನ್ಸು, ಪ್ರಾವಿಷನಲ್ ಅನ್ನುತ್ತಾರೆ. ಆಗ ಅದು ಫೋಟೋ ಇರುವ ಕಾರ್ಡು ಒಂದು, ಜೊತೆಗೊಂದು ಕಾಗದ, ಎರಡೂ ಸೇರಿ ಬರುತ್ತಿತ್ತು. ಕಾರಿನ ಹಿಂದೆ ಮುಂದೆ ಬಿಳಿಯ ಮೇಲೆ ಕೆಂಪು ‘ಎಲ್’ ಫಲಕ ಇರಬೇಕು. ಪಕ್ಕದಲ್ಲಿ ಕೂರುವವರಿಗೆ 21 ವರ್ಷ ತುಂಬಿರಬೇಕು, ಪೂರ್ಣ ಲೈಸೆನ್ಸು ಸಿಕ್ಕು 3 ವರ್ಷವಾಗಿರಬೇಕು. ಚಿಕ್ಕಮ್ಮನ ಮಗನಿಗೆ ಆಗ ಹದಿನೆಂಟು. ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓಡಿಸುತ್ತಿದ್ದವನು ಅವನೇ, ಆದರೆ ಕಾನೂನಿನ ಪ್ರಕಾರ ನನ್ನ ಪಕ್ಕ ಕೂರುವಂತಿರಲಿಲ್ಲ. ‘ಅಕ್ಕ, ನಿನ್ನ ಪುಣ್ಯ’ ಅನ್ನುತ್ತಿದ್ದ. ಅವನು ಹೇಳಿದ್ದು ಯಾರ ಪುಣ್ಯವೋ ಆಮೇಲೆ ಅರ್ಥವಾಯಿತು.

ಆಟೋಮ್ಯಾಟಿಕ್ ಕಲಿತರೆ ಸಾಕಲ್ಲ ಎಂದು ನಾನು ಕೇಳಿದ್ದುಂಟು. ಅಮೆರಿಕದಲ್ಲಿದ್ದ ದೊಡ್ಡಮ್ಮನ ಮಗನಂತೂ ಫೋನಿನಲ್ಲಿ ನಕ್ಕಿದ್ದ, ಈ ಕಾಲದಲ್ಲೂ ಗೇರು ಹಾಕೋದು ಯಾರು ಕಲೀತಾರೆ ಎಂದು. ಅವನಿದ್ದ ನ್ಯೂಜೆರ್ಸಿಯಲ್ಲಿ ಕ್ಲಚ್ ಇರುವ ಕಾರನ್ನು ಹುಡುಕಿಕೊಂಡು ಹೋಗಬೇಕು. ಇಂಗ್ಲೆಂಡಿನಲ್ಲಿ ಆಗ ಲೆಕ್ಕವೇ ತಿರುಗುಮುರುಗು. ಬೀದಿಯಲ್ಲಿ ನಿಂತ ಕಾರುಗಳಲ್ಲಿ ಬಹುಪಾಲು ಗೇರಿನವೇ. ಅದಕ್ಕಿಂತ ಮುಖ್ಯ, ಅಲ್ಲಿ ಆಟೋಮ್ಯಾಟಿಕ್ ಕಾರಿನಲ್ಲಿ ಟೆಸ್ಟು ಪಾಸಾದರೆ ಲೈಸೆನ್ಸು ಆಟೋಮ್ಯಾಟಿಕ್ಕಿಗಷ್ಟೇ ಸಿಗುತ್ತದೆ. ಗೇರಿನ ಕಾರು ಓಡಿಸಬೇಕೆಂದರೆ ಮತ್ತೆ ಟೆಸ್ಟು ಕೊಡಬೇಕು. ಗೇರಿನಲ್ಲಿ ಪಾಸಾದವರು ಎರಡನ್ನೂ ಓಡಿಸಬಹುದು. ‘ಅರ್ಧ ಲೈಸೆನ್ಸ್ ತಗೊಂಡು ಏನ್ ಮಾಡ್ತೀಯೇ?’ ಅಂದರು ಚಿಕ್ಕಮ್ಮ. ಆ ಮಾತಿನ ಹಿಂದೆ ಬೇರೆ ಕಥೆಯಿತ್ತು. ಅದು ಗೊತ್ತಾದದ್ದು ತಿಂಗಳುಗಳ ನಂತರ.

2009ರ ಫೆಬ್ರವರಿಯ ಮೊದಲ ವಾರ ದಕ್ಷಿಣ ಇಂಗ್ಲೆಂಡಿನಲ್ಲಿ ವಿಪರೀತ ಹಿಮ ಬಿತ್ತು. ಬಸ್ಸುಗಳು ನಿಂತವು, ಶಾಲೆಗಳಿಗೆ ರಜೆ ಕೊಟ್ಟರು. ಅದು ಕರಗಿದ ಮೇಲೆ ನನ್ನ ಪಾಠ ಶುರುವಾಯಿತು. ಅದೇ ಹೊತ್ತಿಗೆ ಹೋಂಡಾ ಕಾರ್ಖಾನೆಯೂ ನಿಂತಿತ್ತು. ಆರ್ಥಿಕ ಕುಸಿತದಿಂದ ಕಾರು ಮಾರಾಟ ಬಿದ್ದುಹೋಗಿ, ಫೆಬ್ರವರಿಯಿಂದ ಮೇ ಕೊನೆಯವರೆಗೆ ನಾಲ್ಕು ತಿಂಗಳು ತಯಾರಿಕೆಯನ್ನೇ ನಿಲ್ಲಿಸಿದ್ದರು. ಊರಿನವರ ಮುಖ ಕಳೆಗುಂದಿತ್ತು. ಪಕ್ಕದ ಮನೆಯಾತ ಅಲ್ಲೇ ಕೆಲಸಕ್ಕಿದ್ದವನು. ಮಧ್ಯಾಹ್ನದ ಹೊತ್ತು ಮನೆ ಮುಂದೆ ನಿಂತು, ತೊಳೆದ ಕಾರನ್ನೇ ಮತ್ತೆ ತೊಳೆಯುತ್ತಿದ್ದ. ಅವರ ಕಷ್ಟ ನನಗೆ ಅನುಕೂಲವಾಯಿತು ಅಂತ ಬರೆಯಲು ಸಂಕೋಚವಾಗುತ್ತದೆ, ಆದರೆ ನಿಜ: ಕಾರ್ಖಾನೆಯ ಕಡೆಯ ಅಗಲವಾದ ರಸ್ತೆಗಳಲ್ಲಿ ಪಾಳಿ ಬಿಡುವ ಹೊತ್ತಿನ ದಟ್ಟಣೆ ಇರಲಿಲ್ಲ. ಎರಡನೇ ಗೇರಿನಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ ಹೋಗುವುದನ್ನು ನಾನು ರೂಢಿ ಮಾಡಿಕೊಂಡದ್ದು ಅಲ್ಲಿ.

ಅದಕ್ಕೂ ಮೊದಲು ಸೂಪರ್‌ಮಾರ್ಕೆಟ್ಟಿನ ಕಾರ್ ಪಾರ್ಕು. ಇಂಗ್ಲೆಂಡಿನಲ್ಲಿ ಭಾನುವಾರ ದೊಡ್ಡ ಅಂಗಡಿಗಳು ಆರು ಗಂಟೆಗಿಂತ ಹೆಚ್ಚು ಹೊತ್ತು ತೆರೆದಿರುವಂತಿಲ್ಲ. 1994ರಿಂದ ಹೀಗೊಂದು ಕಾನೂನಿದೆ. ಸಂಜೆ ನಾಲ್ಕಾಯಿತೆಂದರೆ ಬಾಗಿಲು. ಆಮೇಲೆ ಆ ವಿಶಾಲ ಕಾರ್ ಪಾರ್ಕು ಎಲ್ ಫಲಕದವರಿಗೇ ಮೀಸಲು. ಅಲ್ಲೊಬ್ಬ ಅಪ್ಪ, ಇಲ್ಲೊಬ್ಬ ಗಂಡ, ಎಲ್ಲರ ಕೈಯೂ ಗಾಳಿಯಲ್ಲಿ. ಕಿಟಕಿ ಮುಚ್ಚಿದ್ದರೂ ಯಾರು ಯಾರನ್ನು ಬೈಯುತ್ತಿದ್ದಾರೆ ಎಂದು ಹೇಳಬಹುದಾಗಿತ್ತು.

ಮೊದಲ ಗುರು ಚಿಕ್ಕಪ್ಪ. ಆಸ್ಪತ್ರೆಯಲ್ಲಿ ಡಾಕ್ಟರು, ರೋಗಿಗಳ ಜೊತೆ ಮಹಾ ತಾಳ್ಮೆಯ ಮನುಷ್ಯ ಎಂದು ಹೆಸರು. ಕಾರು ಹತ್ತಿಸುವ ಮೊದಲು ಅಡುಗೆಮನೆಯಲ್ಲಿ ಎರಡು ಸ್ಟೀಲ್ ತಟ್ಟೆ ಹಿಡಿದು ಕ್ಲಚ್ಚಿನ ಪಾಠ ಮಾಡಿದರು. ಈ ತಟ್ಟೆ ಎಂಜಿನ್ನಿನದು, ತಿರುಗುತ್ತಲೇ ಇರುತ್ತದೆ. ಇದು ಚಕ್ರದ ಕಡೆಯದು, ನಿಂತಿದೆ. ಪೆಡಲ್ ಒತ್ತಿದರೆ ಎರಡೂ ದೂರ. ಬಿಟ್ಟರೆ ಒಂದಕ್ಕೊಂದು ಅಂಟಿಕೊಂಡು ಜೊತೆಗೆ ತಿರುಗುತ್ತವೆ. ಒಂದೇ ಸಲ ಬಿಟ್ಟರೆ? ತಟ್ಟೆಗಳನ್ನು ಢಣ್ ಎಂದು ಬಡಿದರು. ‘ಗಾಡಿ ಆಫ್.’ ಮೆಲ್ಲಗೆ, ಉಜ್ಜಿಕೊಂಡು ಉಜ್ಜಿಕೊಂಡು ಬಿಟ್ಟರೆ ನಿಂತ ತಟ್ಟೆಯೂ ಹೊರಡುತ್ತದೆ. ಇಷ್ಟು ಸ್ಪಷ್ಟವಾಗಿ ಕ್ಲಚ್ಚನ್ನು ವಿವರಿಸಿದವರನ್ನು ನಾನು ಆಮೇಲೂ ಕಂಡಿಲ್ಲ.

ಕಾರಿನೊಳಗೆ ಕೂತ ಮೇಲೆ ಮನುಷ್ಯ ಬೇರೆಯೇ ಆದರು. ಅವರ ಕಡೆ ಇಲ್ಲದ ಬ್ರೇಕನ್ನು ಬಲಗಾಲಿನಲ್ಲಿ ಒತ್ತಿ ಒತ್ತಿ ಮ್ಯಾಟನ್ನು ಮಡಚಿಹಾಕಿದರು. ‘ಕ್ಲಚ್! ಕ್ಲಚ್ ಅಂದ್ನಲ್ಲಮ್ಮಾ!’ ಎಂದು ಶುರುವಾಗುತ್ತಿದ್ದ ಮಾತು ದನಿ ಏರಿದಂತೆ ಇಂಗ್ಲಿಷಿಗೆ ತಿರುಗುತ್ತಿತ್ತು. ಇಂಗ್ಲಿಷಿಗೆ ಹೋದರೆಂದರೆ ಆ ದಿನದ ಪಾಠ ಮುಗಿಯಿತು ಅಂತ ಅರ್ಥ. ಮನೆಗೆ ಬಂದವರೇ ಆಯಸ್ಕಾಂತದ ಎಲ್ ಫಲಕಗಳನ್ನು ಕಿತ್ತು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಬಿಡುತ್ತಿದ್ದರು. ಹಾಲು ತೆಗೆಯಲು ಹೋದಾಗಲೆಲ್ಲ ನನ್ನ ಕಲಿಕೆಯ ಕೆಂಪು ಅಕ್ಷರ ಕಣ್ಣಿಗೆ ಹೊಡೆಯುತ್ತಿತ್ತು.

ಒಂದು ಭಾನುವಾರ ಚಿಕ್ಕಮ್ಮ ಆ ಫಲಕಗಳನ್ನು ತಾವೇ ಕಿತ್ತುಕೊಂಡು, ‘ಬಾರೇ, ನಾವಿಬ್ಬರೇ ಹೋಗೋಣ’ ಅಂದರು. ಚಿಕ್ಕಪ್ಪ ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಇಬ್ಬರಿಗೂ ನಿರಾಳವಾಯಿತು ಅನ್ನಿಸುತ್ತದೆ.

ಚಿಕ್ಕಮ್ಮ ತಟ್ಟೆ ಹಿಡಿದು ವಿವರಿಸಿದವರಲ್ಲ. ಪಕ್ಕದ ಸೀಟಿನಲ್ಲಿ ವ್ಯಾನಿಟಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಬಲಗೈಯನ್ನು ಹ್ಯಾಂಡ್‌ಬ್ರೇಕಿನ ಹತ್ತಿರ ಸುಮ್ಮನೆ ಊರಿ ಕೂರುತ್ತಿದ್ದರು. ಮನೆಯ ಕಾರಿನಲ್ಲಿ ಪಕ್ಕದವರ ಕೈಗೆ ಸಿಗುವ ಬ್ರೇಕೆಂದರೆ ಅದೊಂದೇ. ಅವರು ಅದನ್ನು ಎಳೆದದ್ದು ನನಗೆ ನೆನಪಿಲ್ಲ. ನನ್ನ ದಪ್ಪ ತಳದ ಬೂಟನ್ನು ನೋಡಿ, ‘ಇದನ್ನ ಹಾಕ್ಕೊಂಡ್ರೆ ಕ್ಲಚ್ ಎಲ್ಲಿದೆ ಅಂತ ಕಾಲಿಗೆ ಹೇಗೆ ಗೊತ್ತಾಗತ್ತೆ?’ ಎಂದು ತೆಳು ತಳದ ಷೂ ಕೊಡಿಸಿದರು. ಆಮೇಲೆ ರೇಡಿಯೊ ಆರಿಸಿದರು. ‘ಕಾಲು ನೋಡ್ಕೋಬೇಡ. ಕಿವಿ ಕೊಡು.’

ಎಂಜಿನ್ ಒಂದೇ ಸಮ ಗುಂಯ್ಗುಡುತ್ತಿರುತ್ತದೆ. ಎಡಗಾಲಿನ ಹಿಮ್ಮಡಿ ಊರಿ ಪೆಡಲನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಮೇಲೆ ಬಿಡುತ್ತ ಬಂದರೆ ಒಂದು ಕಡೆ ಆ ದನಿ ತುಸು ಕೆಳಗಿಳಿಯುತ್ತದೆ. ಅದೇ ಕ್ಷಣ ಸ್ಟಿಯರಿಂಗಿನಲ್ಲಿ ಸಣ್ಣ ನಡುಕ, ಬಾನೆಟ್ಟಿನ ಮೂತಿ ಒಂದಿಷ್ಟು ಮೇಲೆ. ಅಲ್ಲಿ ಕಾಲು ನಿಲ್ಲಿಸಬೇಕು. ನಮ್ಮೂರಿನ ಡ್ರೈವರುಗಳು ಹಾಫ್ ಕ್ಲಚ್ ಅನ್ನುವುದು ಇದಕ್ಕೇ. ಆ ಕಾರ್ ಪಾರ್ಕಿನಲ್ಲಿ ಚಿಕ್ಕಮ್ಮ ನನ್ನಿಂದ ಆಕ್ಸಿಲರೇಟರ್ ಮುಟ್ಟಿಸದೆ ಬರೀ ಕ್ಲಚ್ಚಿನಲ್ಲಿ ಕಾರನ್ನು ತೆವಳಿಸಿದರು: ಹೊರಡು, ನಿಲ್ಲು, ಹೊರಡು, ನಿಲ್ಲು. ಬೇಸರ ಬರುವಷ್ಟು. ಬೇಸರ ಬಂದ ಮೇಲೆ ಮತ್ತಷ್ಟು. ಮುಂದೆ ಟೆಸ್ಟಿನ ದಿನ ಹಿಮ್ಮುಖವಾಗಿ ಮೂಲೆ ತಿರುಗಿಸುವಾಗ ನನ್ನ ಕೈಹಿಡಿದದ್ದು ಆ ತೆವಳಾಟವೇ.

ನಡುವೆ ದುಡ್ಡು ಕೊಟ್ಟು ಕೆಲವು ಪಾಠ ಕಲಿತದ್ದೂ ಉಂಟು. ಗಂಟೆಗೆ ಇಪ್ಪತ್ತು ಪೌಂಡಿನ ಆಸುಪಾಸು. ರೂಪಾಯಿಗೆ ಬದಲಿಸಿ ನೋಡುವ ಚಟ ಇನ್ನೂ ಹೋಗಿರಲಿಲ್ಲವಾದ್ದರಿಂದ ಹೊಟ್ಟೆ ಉರಿಯುತ್ತಿತ್ತು. ಹೇಳಿಕೊಡಲು ಬಂದವರು ವಯಸ್ಸಾದ ಒಬ್ಬ ಗೃಹಸ್ಥ, ಹಿಂದೆ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಒಂದು, ಎರಡನೇ ಗೇರಿಗೆ ಅಂಗೈ ಪಕ್ಕದ ಸೀಟಿನ ಕಡೆ ಇರಲಿ, ಮೂರು ನಾಲ್ಕಕ್ಕೆ ಅಂಗೈ ನಿನ್ನ ಕಡೆ ತಿರುಗಿರಲಿ, ಆಗ ಗೇರು ತಾನಾಗಿ ಸರಿಯಾದ ಜಾಗಕ್ಕೆ ಹೋಗುತ್ತದೆ ಎಂದು ತೋರಿಸಿದರು. ಅಲ್ಲಿಯವರೆಗೆ ಎರಡರಿಂದ ಮೂರರ ಬದಲು ಐದಕ್ಕೆ ಹೋಗಿ ಕಾರು ಮುಗ್ಗರಿಸುತ್ತಿದ್ದದ್ದು ಅಂದಿಗೆ ನಿಂತಿತು. ಅವರ ಕಾರಿನಲ್ಲಿ ಅವರ ಕಡೆಗೂ ಪೆಡಲುಗಳಿದ್ದವು. ಪಕ್ಕದವರಿಗೆ ಬ್ರೇಕು ಕೊಟ್ಟರೆ ಅವರ ದನಿ ಎಷ್ಟು ತಣ್ಣಗಿರುತ್ತದೆ ಎಂಬುದೂ ಅಲ್ಲೇ ಗೊತ್ತಾಯಿತು. ಪಾಪ, ಚಿಕ್ಕಪ್ಪನ ಮೇಲಿನ ಸಿಟ್ಟು ಅರ್ಧ ಇಳಿಯಿತು.

ಥಿಯರಿ ಪರೀಕ್ಷೆಯನ್ನು ಕಂಪ್ಯೂಟರಿನ ಮುಂದೆ ಕೂತು ಬರೆಯಬೇಕು. 50 ಪ್ರಶ್ನೆ, 43 ಸರಿಯಿರಬೇಕು. ಓದಿ ಪಾಸಾಗುವುದು ನಮಗೆ ಹುಟ್ಟಿನಿಂದ ಬಂದ ವಿದ್ಯೆ, ಅದು ಸುಲಭವಾಯಿತು. ಅದರ ಜೊತೆಗಿನ ಇನ್ನೊಂದು ಭಾಗವೇ ಫಜೀತಿ. 14 ಸಣ್ಣ ವಿಡಿಯೊ ತೋರಿಸುತ್ತಾರೆ, ರಸ್ತೆಯಲ್ಲಿ ಅಪಾಯ ಮೂಡುತ್ತಿರುವುದು ಕಂಡ ಕೂಡಲೇ ಮೌಸ್ ಒತ್ತಬೇಕು. ನಿಂತ ವ್ಯಾನಿನ ಮರೆಯಿಂದ ಒಬ್ಬಳು ಮುದುಕಿ ರಸ್ತೆಗೆ ಕಾಲಿಡುತ್ತಾಳೆ. ಸೈಕಲ್ಲಿನವನು ಹೊಂಡ ತಪ್ಪಿಸಲು ಬಲಕ್ಕೆ ಸರಿಯುತ್ತಾನೆ. ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಸ್ಕೂಟಿ ಓಡಿಸಿದ ಕಣ್ಣಿಗೆ ಇದರಲ್ಲಿ ಯಾವುದೂ ಅಪಾಯ ಅನ್ನಿಸುವುದಿಲ್ಲ! ನೋಡುತ್ತ ಕೂತರೆ ಅಂಕ ಜಾರಿಹೋಗುತ್ತದೆ. ಭಯಕ್ಕೆ ಒಂದೇ ಸಮ ಒತ್ತುತ್ತ ಹೋದರೆ ಆ ವಿಡಿಯೊಗೆ ಸೊನ್ನೆ. ಮನೆಯಲ್ಲಿ ಸಿ.ಡಿ. ಹಾಕಿಕೊಂಡು ಚಿಕ್ಕಮ್ಮನ ಮಗನ ಜೊತೆ ಅಭ್ಯಾಸ ಮಾಡಿದೆ. ಅವನು ಎಲ್ಲಿ ಒತ್ತುತ್ತಾನೆ ನೋಡಿ, ಅದಕ್ಕಿಂತ ಮುಂಚೆ ಒತ್ತುವ ಪಂತ.

ಇನ್ನೊಂದು ಹೇಳಲೇಬೇಕು. ನಮ್ಮಲ್ಲಿ ಎದುರಿನವನು ಹೆಡ್‌ಲೈಟ್ ಮಿಣುಕಿಸಿದರೆ ‘ನಾನು ಬರ್ತಿದೀನಿ, ಸರಿ’ ಅಂತ. ಅಲ್ಲಿ ಜನ ಮಿಣುಕಿಸುವುದು ‘ನೀನು ಮೊದಲು ಹೋಗು’ ಅನ್ನುವುದಕ್ಕೆ. ಹೈವೇ ಕೋಡ್ ಪುಸ್ತಕ ಇದನ್ನು ಒಪ್ಪುವುದಿಲ್ಲ, ಆದರೂ ಬೀದಿಯ ರೂಢಿ ಅದೇ. ಎರಡೂ ಬದಿ ಕಾರು ನಿಂತ ಇಕ್ಕಟ್ಟಿನ ಬೀದಿಯಲ್ಲಿ ಎದುರಿನ ಬಿಳಿಕೂದಲಿನ ಹೆಂಗಸು ಮಿಣುಕಿಸಿದಳು, ನಾನು ನಿಂತೆ. ಅವಳೂ ನಿಂತಳು. ಮತ್ತೆ ಮಿಣುಕಿಸಿದಳು. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ. ಕೊನೆಗೆ ಚಿಕ್ಕಮ್ಮ ನಗು ತಡೆದುಕೊಂಡು, ‘ಹೋಗೇ, ಅವಳು ದಾರಿ ಬಿಡ್ತಿದಾಳೆ’ ಅಂದರು.

ಸ್ವಿಂಡನ್ನಿಗೆ ಹೆಸರು ತಂದದ್ದು ಒಂದು ಸರ್ಕಲ್ಲು. ಅಧಿಕೃತ ಹೆಸರೇ ಮ್ಯಾಜಿಕ್ ರೌಂಡಬೌಟ್. ಊರಿನ ಫುಟ್‌ಬಾಲ್ ಕ್ರೀಡಾಂಗಣದ ಪಕ್ಕದಲ್ಲಿ ಐದು ರಸ್ತೆ ಸೇರುವ ಕಡೆ ಐದು ಪುಟ್ಟ ಸರ್ಕಲ್ಲುಗಳನ್ನು ಸುತ್ತಲೂ ಜೋಡಿಸಿದ್ದಾರೆ, ನಡುವೆ ಇನ್ನೊಂದು. ಹೊರಗಿನ ಸುತ್ತು ಗಡಿಯಾರದ ದಿಕ್ಕಿನಲ್ಲಿ, ಒಳಗಿನ ಸುತ್ತು ಅದಕ್ಕೆ ವಿರುದ್ಧ. 1972ರಲ್ಲಿ ಫ್ರಾಂಕ್ ಬ್ಲಾಕ್‌ಮೋರ್ ಎಂಬ ರಸ್ತೆ ಎಂಜಿನಿಯರ್ ರೂಪಿಸಿದ್ದು. ತೆರೆದ ಹೊಸತರಲ್ಲಿ ಒಂದೊಂದು ಪುಟ್ಟ ಸರ್ಕಲ್ಲಿಗೂ ಒಬ್ಬೊಬ್ಬ ಪೊಲೀಸನನ್ನು ನಿಲ್ಲಿಸಿದ್ದರಂತೆ. ಇಡೀ ಏರ್ಪಾಟು ನಿಂತಿರುವುದು ಒಂದೇ ನಿಯಮದ ಮೇಲೆ: ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಬ್ರಿಟನ್ನಿನಲ್ಲಿ ಸರ್ಕಲ್ಲುಗಳಿಗೆ ಈ ನಿಯಮ ಬಂದದ್ದು 1966ರಲ್ಲಿ. ಅದಕ್ಕೆ ಮೊದಲು ಅವರೂ ನಮ್ಮ ಹಾಗೇ ನುಗ್ಗಿ ನುಗ್ಗಿ ಸರ್ಕಲ್ಲಿನ ಒಳಗೆ ಸಿಕ್ಕಿಕೊಳ್ಳುತ್ತಿದ್ದರು ಎಂದು ತಿಳಿದಾಗ ಸಮಾಧಾನವಾಯಿತು.

ಮೈಸೂರಿನವಳಿಗೆ ಸರ್ಕಲ್ ಹೊಸದಲ್ಲ. ಕೆ.ಆರ್. ಸರ್ಕಲ್ಲಿನಲ್ಲಿ ಅಮೃತಶಿಲೆಯ ಮಹಾರಾಜರು ಛತ್ರಿಯ ಕೆಳಗೆ ನಿಂತು ನೋಡುತ್ತಿರುವಾಗಲೇ ನಾವೆಲ್ಲ ಹಾರನ್ ಒತ್ತಿ ದಾರಿ ಮಾಡಿಕೊಂಡವರು. ಆದರೆ ಓಲ್ಡ್ ಟೌನಿನ ಗುಡ್ಡದಿಂದ ಡ್ರೋವ್ ರಸ್ತೆಯಲ್ಲಿ ಇಳಿದು ಬಂದು, ಈ ಸರ್ಕಲ್ಲಿನ ಬಿಳಿ ಗೆರೆಯ ಮುಂದೆ ಎರಡನೇ ಗೇರಿಗೆ ಬಂದಾಗ ಎದೆ ಬಾಯಿಗೆ ಬಂತು. ಶ್ರಿವೆನ್‌ಹ್ಯಾಮ್ ರಸ್ತೆಗೆ ಹೋಗಬೇಕಿತ್ತು, ಅಂದರೆ ಒಳಗಿನ ಉಲ್ಟಾ ಸುತ್ತಿಗೆ ಇಳಿಯಬೇಕು. ‘ಇಡೀದು ನೋಡ್ಬೇಡ ಕಣೇ. ನಿನ್ನ ಮುಂದಿರೋ ಪುಟ್ಟದು ಮಾತ್ರ ನೋಡು. ಬಲಗಡೆ ಯಾರಾದ್ರೂ ಇದಾರಾ? ಇಲ್ಲ ತಾನೆ? ನಡಿ. ಈಗ ಮುಂದಿನದು. ಬಲಗಡೆ?’ ಹೀಗೆ ಕೇಳಿಕೊಂಡೇ ದಾಟಿಸಿದರು. ಹಿಂದಿದ್ದ ಯಾರೂ ಹಾರನ್ ಮಾಡಲಿಲ್ಲ. ಸ್ವಿಂಡನ್ನಿನವರಿಗೆ ಅಲ್ಲಿ ತಬ್ಬಿಬ್ಬಾದವರನ್ನು ನೋಡಿ ಅಭ್ಯಾಸ.

ಮನೆಯಲ್ಲಿ ಚಿಕ್ಕಮ್ಮ ಹೆಚ್ಚು ಮಾತಿನವರಲ್ಲ. ಕಾರಿನಲ್ಲಿ ಮಾತಾಡುತ್ತಿದ್ದರು. ಮುಖ ನೋಡಿಕೊಂಡು ಹೇಳಲಾಗದ್ದನ್ನು ಇಬ್ಬರೂ ರಸ್ತೆ ನೋಡುತ್ತಿರುವಾಗ ಹೇಳುವುದು ಸುಲಭವೋ ಏನೋ. ಎಂಬತ್ತರ ದಶಕದಲ್ಲಿ ಮದುವೆಯಾಗಿ ಹೋದವರು. ಚಿಕ್ಕಪ್ಪ ಕಿರಿಯ ಡಾಕ್ಟರು, ಆರಾರು ತಿಂಗಳಿಗೆ ಆಸ್ಪತ್ರೆ ಬದಲು. ವೇಲ್ಸಿನ ರಾಂಡಾ ಕಣಿವೆಯ ಗಣಿ ಊರೊಂದರಲ್ಲಿದ್ದಾಗ ಚಿಕ್ಕಮ್ಮ ಕಾರು ಕಲಿತರಂತೆ. ಅಲ್ಲಿ ಸಮತಟ್ಟು ರಸ್ತೆಯೇ ಇಲ್ಲ, ಎಲ್ಲ ಏರು ಇಳಿಜಾರು. ಸೀರೆಯ ಮೇಲೆ ಓವರ್‌ಕೋಟು. ನೆರಿಗೆ ಬಂದು ಕ್ಲಚ್ಚಿನ ಕೆಳಗೆ ಸಿಕ್ಕಿಕೊಳ್ಳುತ್ತಿತ್ತು. ಮೊಣಕಾಲ ಹತ್ತಿರ ನೆರಿಗೆಗೆ ಪಿನ್ನು ಹಾಕಿಕೊಂಡು ಕೂರುತ್ತಿದ್ದರು. ಏರಿನಲ್ಲಿ ನಿಂತಾಗ ಕಾರು ಹಿಂದಕ್ಕೆ ಜಾರದಂತೆ ಹ್ಯಾಂಡ್‌ಬ್ರೇಕನ್ನು ಕ್ಲಚ್ಚಿನ ಆ ದನಿ ಕೇಳಿದ ಮೇಲೇ ಬಿಡುವುದು, ಅದನ್ನು ಕಲಿಯಲು ತಿಂಗಳು ಹಿಡಿಯಿತಂತೆ. ಸ್ವಿಂಡನ್ನಿನ ವಿಕ್ಟೋರಿಯಾ ರಸ್ತೆಯ ಏರಿನಲ್ಲಿ ನನಗೆ ಅದನ್ನೇ ಹೇಳಿಕೊಡುತ್ತ, ‘ಇದೇನು ಏರು ಬಿಡು’ ಅಂದಿದ್ದರು.

ರಾಟನ್ ಹಳ್ಳಿಯ ಕಡೆ ಹೋಗುವಾಗ ಎಂ4 ಹೆದ್ದಾರಿಯನ್ನು ದಾಟಬೇಕು. ಆ ಕಾಲಕ್ಕೆ ಎಲ್ ಫಲಕದವರು ಮೋಟರ್‌ವೇಗೆ ಇಳಿಯುವಂತೆಯೇ ಇರಲಿಲ್ಲ. ಗುರುವಿನ ಜೊತೆ, ಎರಡು ಕಡೆ ಪೆಡಲಿರುವ ಕಾರಿನಲ್ಲಿ ಹೋಗಬಹುದು ಎಂದು ಬಿಟ್ಟದ್ದು 2018ರಲ್ಲಿ. ಒಂದು ಸಂಜೆ ಆ ದಾರಿಯಲ್ಲಿ ಹೋಗುತ್ತಿದ್ದಾಗ ಚಿಕ್ಕಮ್ಮ ಆ ಹೆದ್ದಾರಿಯನ್ನು ನೋಡಿ, ಅಜ್ಜ ತೀರಿಕೊಂಡ ರಾತ್ರಿಯ ಮಾತು ತೆಗೆದರು. ಆಗ ಅವರಿನ್ನೂ ವೇಲ್ಸಿನಲ್ಲಿದ್ದರು. ಮೈಸೂರಿನಿಂದ ಫೋನು ಬಂದಾಗ ಚಿಕ್ಕಪ್ಪ ರಾತ್ರಿ ಡ್ಯೂಟಿಯಲ್ಲಿ, ಬಿಟ್ಟು ಬರುವ ಹಾಗಿಲ್ಲ. ಚಿಕ್ಕಮ್ಮನ ಪುಟ್ಟ ಕಾರು ರಿಪೇರಿಗೆ ಹೋಗಿತ್ತು. ಚಿಕ್ಕಪ್ಪನ ಗೇರಿನ ಕಾರಿನ ಕೀಲಿ ತೆಗೆದುಕೊಂಡು ಮಳೆಯಲ್ಲಿ ಸೆವೆರ್ನ್ ಸೇತುವೆ ದಾಟಿ ಇದೇ ಹೆದ್ದಾರಿಯಲ್ಲಿ ಒಬ್ಬರೇ ಹೀಥ್ರೂಗೆ ಓಡಿಸಿಕೊಂಡು ಹೋದರಂತೆ. ಅದುವರೆಗೆ ಆ ಕಾರನ್ನು ಅವರು ಮುಟ್ಟಿರಲಿಲ್ಲ. ‘ಅಪ್ಪನ ಮುಖ ಸಿಗಲಿಲ್ಲ. ಆದ್ರೆ ಹತ್ತನೇ ದಿನದ ಹೊತ್ತಿಗೆ ಮನೇಲಿದ್ದೆ. ಇನ್ನೊಬ್ಬರು ಬಂದು ಬಿಡ್ತಾರೆ ಅಂತ ಕಾಯ್ತಾ ಕೂತಿರಲಿಲ್ಲ.’ ಸ್ವಲ್ಪ ಬಿಟ್ಟು, ‘ಥರ್ಡ್‌ಗೆ ಬಾ, ತಿರುವಿದೆ’ ಅಂದರು. ನಮ್ಮ ಮನೆಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ಅಮ್ಮನಿಗೆ ಗೊತ್ತಿದ್ದದ್ದು ತಂಗಿ ಹೇಗೋ ಬಂದಳು ಎಂಬುದಷ್ಟೇ.

ಟೆಸ್ಟಿನ ಬಗ್ಗೆ ಬರೆಯುವಂಥದ್ದು ಹೆಚ್ಚಿಲ್ಲ. ಮೊದಲು 20 ಮೀಟರ್ ದೂರದ ನಂಬರ್ ಪ್ಲೇಟ್ ಓದಿಸುತ್ತಾರೆ. ಆಮೇಲೆ ಸುಮಾರು 40 ನಿಮಿಷ ರಸ್ತೆಯಲ್ಲಿ. ಸಣ್ಣ ತಪ್ಪು 15ರವರೆಗೆ ಕ್ಷಮೆ, ದೊಡ್ಡದೊಂದಾದರೂ ಫೇಲು. ಪರೀಕ್ಷಕರು ಬೇಕಾದಷ್ಟೇ ಮಾತಾಡುವ ಮನುಷ್ಯ, ಕನ್ನಡಿ ನೋಡುತ್ತಿದ್ದೇನೋ ಇಲ್ಲವೋ ಎಂದು ನನ್ನ ಕಣ್ಣನ್ನೇ ಗಮನಿಸುತ್ತಿದ್ದರು. ಬೇಸಿಗೆಯಲ್ಲಿ ಪಾಸಾದೆ. ಮನೆಗೆ ಬಂದಾಗ ಚಿಕ್ಕಪ್ಪ ಫ್ರಿಜ್ಜಿನ ಮೇಲಿದ್ದ ಎಲ್ ಫಲಕಗಳನ್ನು ತಾವೇ ಕಿತ್ತು ಕಸದ ಡಬ್ಬಿಗೆ ಹಾಕಿದರು. ಆ ಶರತ್ಕಾಲದಲ್ಲಿ ಅಮ್ಮ ಬಂದಾಗ ಹೀಥ್ರೂಗೆ ಹೋಗಿ ಕರೆತಂದವಳು ನಾನು. ಹಿಂದಿನ ಸೀಟಿನಲ್ಲಿ ಅಮ್ಮ ದಾರಿಯುದ್ದಕ್ಕೂ ‘ಮೆಲ್ಲಗೆ ಹೋಗೇ’ ಅನ್ನುತ್ತಿದ್ದಳು, ಪಕ್ಕದಲ್ಲಿ ಚಿಕ್ಕಮ್ಮ ನಿದ್ದೆ ಹೋಗಿದ್ದರು. ನನಗೆ ಸಿಕ್ಕ ಸರ್ಟಿಫಿಕೇಟುಗಳಲ್ಲಿ ಆ ನಿದ್ದೆಯೇ ದೊಡ್ಡದು.

ಆಮೇಲೆ ಬಹಳಷ್ಟು ಬದಲಾಗಿದೆ. ಸ್ವಿಂಡನ್ನಿನ ಹೋಂಡಾ ಕಾರ್ಖಾನೆ 2021ರಲ್ಲಿ ಶಾಶ್ವತವಾಗಿ ಮುಚ್ಚಿತು. ಟೆಸ್ಟಿನಲ್ಲಿ ಹಿಮ್ಮುಖ ಮೂಲೆ ತಿರುಗಿಸುವುದನ್ನು 2017ರ ಕೊನೆಯಲ್ಲಿ ಕೈಬಿಟ್ಟರು. ವಿದ್ಯುತ್ ಕಾರುಗಳಲ್ಲಿ ಕ್ಲಚ್ಚೇ ಇಲ್ಲ. ನಮ್ಮಲ್ಲೂ 2014ರಲ್ಲಿ ಮಾರುತಿ ಸೆಲೆರಿಯೊ ಕಡಿಮೆ ಬೆಲೆಗೆ ಆಟೋಮ್ಯಾಟಿಕ್ ಗೇರು ತಂದ ಮೇಲೆ ಬೆಂಗಳೂರಿನ ಸಿಲ್ಕ್ ಬೋರ್ಡಿನಲ್ಲಿ ಎಡಗಾಲು ನೋಯಿಸಿಕೊಳ್ಳುವವರು ಕಡಿಮೆಯಾಗುತ್ತಿದ್ದಾರೆ. ಅದು ಒಳ್ಳೆಯದೇ. ಕ್ಲಚ್ಚಿನಲ್ಲಿ ಯಾವ ಮಹಿಮೆಯೂ ಇಲ್ಲ. ಆದರೆ ಬ್ರಿಟನ್ನಿನಲ್ಲಿ ಅರ್ಧ ಲೈಸೆನ್ಸಿನ ಕಾನೂನು ಹಾಗೇ ಇದೆ, ಮನೆಮನೆಯಲ್ಲಿ ಗೇರಿನ ಕಾರುಗಳೂ ಇವೆ. ಹೊತ್ತಲ್ಲದ ಹೊತ್ತಿನಲ್ಲಿ ಮನೆಯಲ್ಲಿ ನಿಂತಿರುವ ಕಾರು ಯಾವುದೋ ಅದನ್ನೇ ಹೊರಡಿಸಬೇಕಾಗುತ್ತದೆ.

ಹಾಗಾಗಿ ಅಲ್ಲಿಗೆ ಹೋಗಿ ನೆಂಟರ ಮನೆಯಲ್ಲಿದ್ದು ಕಾರು ಕಲಿಯಬೇಕೆಂದಿರುವವರಿಗೆ ನಾನು ಹೇಳುವುದಿಷ್ಟು. ಗೇರಿನದನ್ನೇ ಕಲಿಯಿರಿ. ಮೊದಲ ಪಾಠಗಳನ್ನು ದುಡ್ಡು ಕೊಟ್ಟು, ಎರಡು ಕಡೆ ಬ್ರೇಕಿರುವ ಕಾರಿನಲ್ಲಿ ಕಲಿಯಿರಿ, ನೆಂಟಸ್ತಿಕೆ ಉಳಿಯುತ್ತದೆ. ಆಮೇಲೆ ಮನೆಯಲ್ಲಿ ಯಾರು ಕಡಿಮೆ ಮಾತಾಡುತ್ತಾರೋ ಅವರನ್ನು ಪಕ್ಕ ಕೂರಿಸಿಕೊಳ್ಳಿ. ವಿಮೆಗೆ ನಿಮ್ಮ ಹೆಸರು ಸೇರಿಸಲು ಆಗುವ ಹೆಚ್ಚಿನ ಹಣವನ್ನು ಅವರು ಬೇಡವೆಂದರೂ ಕೊಡಿ. ಪೆಟ್ರೋಲನ್ನಂತೂ ನೀವೇ ಹಾಕಿಸಿ.